ಒಂದೇ ಪಾತ್ರೆಯಲ್ಲಿ ಊಟ ಮುಗಿಸಬೇಕೆಂದರೆ ಯಾವ ಪಾತ್ರೆ ಕೊಳ್ಳಬೇಕು?

ಹೊಸದಾಗಿ ರೂಮು ಮಾಡಿದವರು, ಕೆಲಸಕ್ಕೆಂದು ಊರು ಬಿಟ್ಟವರು, ಮಕ್ಕಳನ್ನು ಓದಲು ದೂರ ಕಳಿಸುತ್ತಿರುವ ತಂದೆತಾಯಂದಿರು ಹೆಚ್ಚುಕಮ್ಮಿ ಒಂದೇ ಮಾತು ಕೇಳುತ್ತಾರೆ. ಸದ್ಯಕ್ಕೆ ಒಂದೇ ಪಾತ್ರೆ ತೆಗೆದುಕೊಳ್ಳುವುದು, ಅದರಲ್ಲೇ ಒಗ್ಗರಣೆ ಹಾಕಿ, ಅದರಲ್ಲೇ ಬೇಯಿಸಿ, ಅದರಿಂದಲೇ ಬಡಿಸಿಕೊಳ್ಳುವುದು. ಹಾಗಾದರೆ ಕುಕ್ಕರ್ರೋ, ಬಾಣಲೆಯೋ, ದಪ್ಪ ತಳದ ತಪ್ಪಲೆಯೋ, ಕರೆಂಟಿನ ರೈಸ್ ಕುಕ್ಕರ್ರೋ?

ಅಂಗಡಿಗೆ ಹೋಗುವ ಮೊದಲು ಒಂದು ಚೀಟಿ ತೆಗೆದುಕೊಂಡು, ವಾರದ ಏಳು ದಿನ ಏನೇನು ಉಣ್ಣುತ್ತೀರಿ ಎಂದು ಬರೆಯಿರಿ. ಅದರಲ್ಲಿ ತೊಗರಿಬೇಳೆ ಎಷ್ಟು ಸಲ ಬಂದಿದೆ ನೋಡಿ. ಅರ್ಧ ತೀರ್ಮಾನ ಅಲ್ಲೇ ಆಗಿಹೋಗುತ್ತದೆ. ವಾರಕ್ಕೆ ಮೂರು ಸಲ ಬೇಳೆ ಇದ್ದರೆ ಕುಕ್ಕರ್ ಬಿಟ್ಟು ಬೇರೆ ದಾರಿ ಹುಡುಕುವುದು ಗ್ಯಾಸಿಗೂ ಸಮಯಕ್ಕೂ ದಂಡ. ಬೇಳೆ ಅಪರೂಪ, ಉಪ್ಪಿಟ್ಟು ಅವಲಕ್ಕಿ ಶಾವಿಗೆಯೇ ಹೆಚ್ಚು ಎಂದಾದರೆ ಕುಕ್ಕರ್ ಮೂಲೆಯಲ್ಲಿ ಕೂರುತ್ತದೆ.

ಈ ಬರಹದಲ್ಲಿ ಲೋಟ ಎಂದರೆ 200 ಮಿಲಿಲೀಟರ್ ಹಿಡಿಯುವ ಸ್ಟೀಲ್ ಲೋಟ, ಅಕ್ಕಿ ಎಂದರೆ ಸೋನಾ ಮಸೂರಿ.

ಏನನ್ನು ಅಳೆದು ನೋಡಬೇಕು

ಮೊದಲನೆಯದು ಬಾಯಿಯ ಅಗಲ. ಒಂದೇ ಪಾತ್ರೆಯ ಅಡುಗೆಯಲ್ಲಿ ಈರುಳ್ಳಿ ಬಾಡಿಸುವುದೂ ಅಕ್ಕಿ ಹುರಿಯುವುದೂ ಅದರಲ್ಲೇ. ಬಾಯಿ ಕಿರಿದಾಗಿದ್ದರೆ ಮಗುಚುವ ಕೈ ಆಡುವುದಿಲ್ಲ, ಈರುಳ್ಳಿ ಹುರಿಯುವ ಬದಲು ತನ್ನದೇ ನೀರಿನಲ್ಲಿ ಬೇಯುತ್ತದೆ. ಕೊಳ್ಳುವಾಗ ಜನ ಎಷ್ಟು ಲೀಟರ್ ಎಂದು ಕೇಳುತ್ತಾರೆ, ಬಾಯಿ ಎಷ್ಟು ಅಗಲ ಎಂದು ಕೇಳುವವರು ಕಡಿಮೆ.

ಎರಡನೆಯದು ತಳ. ಅಲ್ಯೂಮಿನಿಯಂ ಸ್ಟೇನ್‌ಲೆಸ್ ಸ್ಟೀಲಿಗಿಂತ ಸುಮಾರು 15 ಪಟ್ಟು ಚೆನ್ನಾಗಿ ಶಾಖ ಹರಡುತ್ತದೆ. ಬರೀ ಸ್ಟೀಲಿನ ತೆಳು ಪಾತ್ರೆಯಲ್ಲಿ ಉರಿ ತಾಗುವ ಉಂಗುರದಷ್ಟು ಜಾಗ ಮಾತ್ರ ಕಾದು, ಅಲ್ಲೇ ಅನ್ನ ತಳ ಹಿಡಿಯುತ್ತದೆ. ಅದಕ್ಕೇ ಒಳ್ಳೆಯ ಸ್ಟೀಲ್ ಪಾತ್ರೆಗಳ ತಳದಲ್ಲಿ ಎರಡು ಸ್ಟೀಲ್ ಹಾಳೆಗಳ ನಡುವೆ ಅಲ್ಯೂಮಿನಿಯಂ ಇರುತ್ತದೆ. ಆ ಪದರ ತಳಕ್ಕಷ್ಟೇ ಇದ್ದರೆ ಸ್ಯಾಂಡ್‌ವಿಚ್ ತಳ, ಗೋಡೆಯುದ್ದಕ್ಕೂ ಇದ್ದರೆ ಟ್ರೈಪ್ಲೈ.

ಮೂರನೆಯದು ಹುಳಿ. ನಮ್ಮ ಬಾತುಗಳಲ್ಲಿ ಹುಣಸೆಹಣ್ಣು, ಟೊಮೇಟೊ, ನಿಂಬೆಹುಳಿ ಇಲ್ಲದ್ದು ಕಡಿಮೆ. ಹುಳಿ ಬಿದ್ದರೆ ಬರೀ ಅಲ್ಯೂಮಿನಿಯಂ ಕಪ್ಪಾಗುತ್ತದೆ, ದಿನಕಳೆದಂತೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಕಬ್ಬಿಣ ತನ್ನ ಬಣ್ಣವನ್ನೂ ರುಚಿಯನ್ನೂ ಅಡುಗೆಗೆ ಬಿಡುತ್ತದೆ. ಸ್ಟೀಲಿಗೆ ಈ ತೊಂದರೆ ಇಲ್ಲ. ಹಾರ್ಡ್ ಆನೊಡೈಸ್ಡ್ ಎಂದು ಸಿಗುವ ಕಪ್ಪು ಅಲ್ಯೂಮಿನಿಯಂ ಹುಳಿಯನ್ನು ಸಾಕಷ್ಟು ತಡೆಯುತ್ತದೆ.

ಇನ್ನು ನಿಮ್ಮ ಒಲೆ. ಇಂಡಕ್ಷನ್ ಆಗಿದ್ದರೆ ಆಯಸ್ಕಾಂತ ಕಚ್ಚಿಕೊಳ್ಳುವ ತಳವೇ ಬೇಕು. ಫ್ರಿಜ್ಜಿಗೆ ಅಂಟಿಸುವ ಒಂದು ಆಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ತಳಕ್ಕೆ ಹಿಡಿದು ನೋಡಿ. ಬಿಗಿಯಾಗಿ ಕಚ್ಚಿದರೆ ನಡೆಯುತ್ತದೆ. ಸಾಮಾನ್ಯ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಬಿಸಿಯೇ ಆಗುವುದಿಲ್ಲ.

ಪ್ರೆಶರ್ ಕುಕ್ಕರ್

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಜೊತೆಗೆ ಬೋರ್‌ವೆಲ್ಲಿನ ಗಡಸು ನೀರಿದ್ದರೆ ಅದರ ಸುಣ್ಣದಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ತೊಗರಿಬೇಳೆ ಮುಕ್ಕಾಲು ಗಂಟೆ ಕುದ್ದರೂ ಬೇಳೆ ಬೇಳೆಯಾಗಿಯೇ ಉಳಿಯುವುದು ಇದರಿಂದ. ಕುಕ್ಕರಿನೊಳಗೆ ಒತ್ತಡ ಏರಿದಾಗ ಉಷ್ಣಾಂಶ 120 ಡಿಗ್ರಿಯ ಹತ್ತಿರ ಹೋಗುತ್ತದೆ. ಬೇಳೆಯ ವಿಷಯದಲ್ಲಿ ಬೇರೆ ಯಾವ ಪಾತ್ರೆಯೂ ಇದರ ಸಮ ಬರುವುದಿಲ್ಲ. ಕರಾವಳಿಯ ಕುಚ್ಚಲಕ್ಕಿಗೂ ಇದೇ ಮಾತು.

ಕುಕ್ಕರಿನಲ್ಲಿ ಒಂದೇ ಪಾತ್ರೆಯ ಅಡುಗೆ ಕೆಡುವುದು ಸಾಮಾನ್ಯವಾಗಿ ಎರಡೇ ಕಡೆ: ಹುಳಿ ಬೇಗ ಹಾಕಿದಾಗ, ತಳ ಕೆರೆಯದೆ ಮುಚ್ಚಿದಾಗ. ಬಿಸಿಬೇಳೆಬಾತನ್ನೇ ತೆಗೆದುಕೊಳ್ಳಿ. ಮೂರು ಜನಕ್ಕೆ, 3 ಲೀಟರ್ ಕುಕ್ಕರಿನಲ್ಲಿ, ಮುಕ್ಕಾಲು ಲೋಟ ಅಕ್ಕಿ, ಅರ್ಧ ಲೋಟ ತೊಗರಿಬೇಳೆ. ಎರಡನ್ನೂ ತೊಳೆದು ಅರ್ಧ ಗಂಟೆ ನೆನೆಯಲು ಬಿಡಿ. ಕುಕ್ಕರಿನಲ್ಲಿ ಎರಡು ಚಮಚ ತುಪ್ಪ ಕಾಯಿಸಿ ಸಾಸಿವೆ, ಒಣಮೆಣಸಿನಕಾಯಿ, ಗೋಡಂಬಿ, ಕರಿಬೇವು ಸಿಡಿಸಿ, ಗೋಡಂಬಿ ಕೆಂಪಾದ ಕೂಡಲೇ ಒಗ್ಗರಣೆಯಲ್ಲಿ ಅರ್ಧವನ್ನು ಬಡಿಸುವ ತಟ್ಟೆಗೇ ತೆಗೆದಿಡಿ. ಕೊನೆಯಲ್ಲಿ ಮೇಲೆ ಹಾಕಲು ಅದು ಬೇಕು, ಇನ್ನೊಂದು ಒಗ್ಗರಣೆ ಸೌಟು ತೊಳೆಯುವ ಕೆಲಸವೂ ಉಳಿಯುತ್ತದೆ. ಉಳಿದದ್ದರಲ್ಲಿ ಒಂದೂವರೆ ಲೋಟದಷ್ಟು ಹೆಚ್ಚಿದ ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು ಎರಡು ನಿಮಿಷ ಬಾಡಿಸಿ. ಅಕ್ಕಿ, ಬೇಳೆ, ಅರಿಶಿನ, 4 ಲೋಟ ನೀರು ಹಾಕಿ. ಇಲ್ಲಿ ಹುಣಸೆರಸ ಬೇಡ, ಬಿಸಿಬೇಳೆಬಾತಿನ ಪುಡಿಯೂ ಬೇಡ.

ಹುಣಸೆರಸ ಮೊದಲೇ ಬಿದ್ದರೆ ಬೇಳೆಯ ಸುತ್ತಲಿನ ಭಾಗ ಗಟ್ಟಿಯಾಗಿ ಉಳಿದುಬಿಡುತ್ತದೆ. ಮುಚ್ಚಳ ತೆಗೆದಾಗ ಅಕ್ಕಿ ಕರಗಿರುತ್ತದೆ, ಬೇಳೆ ಬೆರಳಲ್ಲಿ ಒತ್ತಿದರೆ ಜಾರುತ್ತದೆ, ಒಡೆಯುವುದಿಲ್ಲ. ಮತ್ತೆ ನಾಲ್ಕು ಸಲ ಕೂಗಿಸಿದರೂ ಅದು ಸರಿಹೋಗುವುದು ಕಷ್ಟ. ಪುಡಿ ಮೊದಲೇ ಹಾಕಿದರೆ ಅದು ತಳಕ್ಕೆ ಇಳಿದು ಸೀಯುತ್ತದೆ.

ಮುಚ್ಚುವ ಮೊದಲು ಮಗುಚುವ ಕೈಯಿಂದ ತಳವನ್ನು ಪೂರ್ತಿ ಕೆರೆದು, ಅಂಟಿದ್ದೇನೂ ಇಲ್ಲ ಎಂದು ನೋಡಿಕೊಳ್ಳಿ. ದೊಡ್ಡ ಉರಿಯಲ್ಲಿ ಮೊದಲ ಕೂಗು ಬಂದ ಮೇಲೆ ಸಣ್ಣ ಉರಿಗೆ ಇಳಿಸಿ 8 ನಿಮಿಷ. ಕೂಗು ಎಣಿಸುವುದಕ್ಕಿಂತ ನಿಮಿಷ ಎಣಿಸುವುದು ನಂಬಿಕೆಯ ಲೆಕ್ಕ, ಏಕೆಂದರೆ ಉರಿ ಹೆಚ್ಚಿದ್ದರೆ ನಾಲ್ಕು ಕೂಗು ಮೂರೇ ನಿಮಿಷದಲ್ಲಿ ಮುಗಿದಿರುತ್ತದೆ, ಬೇಳೆ ಬೆಂದಿರುವುದಿಲ್ಲ. ಹಬೆ ತಾನಾಗಿ ಇಳಿಯಲು ಬಿಡಿ. ಆಮೇಲೆ ಅರ್ಧ ಲೋಟ ಹುಣಸೆರಸ, ಎರಡೂವರೆ ದೊಡ್ಡ ಚಮಚ ಪುಡಿ, ಉಪ್ಪು, ಅಡಿಕೆಯಷ್ಟು ಬೆಲ್ಲ, ಒಂದೂವರೆ ಲೋಟ ಬಿಸಿನೀರು ಸೇರಿಸಿ, ತೆರೆದೇ ಏಳೆಂಟು ನಿಮಿಷ ಕುದಿಸಿ, ಕೈಯಾಡಿಸುತ್ತಿರಿ. ಒಲೆ ಆರಿಸುವಾಗ ಸ್ವಲ್ಪ ನೀರಾಗಿದೆ ಅನಿಸಬೇಕು. ತಟ್ಟೆಗೆ ಬರುವಷ್ಟರಲ್ಲಿ ಅದು ಗಟ್ಟಿಯಾಗುತ್ತದೆ.

ಖಾರಾ ಪೊಂಗಲ್ಲಿಗೆ ಇಷ್ಟು ಎಚ್ಚರ ಬೇಡ: ಅಕ್ಕಿ 1, ಹೆಸರುಬೇಳೆ ಅರ್ಧ, ನೀರು 5, ಮೆಣಸು ಜೀರಿಗೆ ಶುಂಠಿ ಮೊದಲೇ ಹಾಕಿದರೂ ಏನೂ ಕೆಡುವುದಿಲ್ಲ. ಪಲಾವಿಗೆ ಅಕ್ಕಿ 1, ನೀರು 2. ಹೊಸ ಅಕ್ಕಿಯಾದರೆ ಒಂದೂವರೆಯಿಂದ ಒಂದೂಮುಕ್ಕಾಲು ಸಾಕು, ಇಲ್ಲದಿದ್ದರೆ ಮುದ್ದೆಯಾಗುತ್ತದೆ. ಟೊಮೇಟೊ ಎರಡು ಹಾಕಿದರೆ ಕಾಲು ಲೋಟ ನೀರು ಕಳೆಯಿರಿ.

ಕುಕ್ಕರಿಗೆ ಒಗ್ಗದ್ದು ವಾಂಗೀಬಾತ್. ಬದನೆಕಾಯಿ ಒತ್ತಡದಲ್ಲಿ ಕರಗಿ ಹೋಗುತ್ತದೆ. ಮಾಡಲೇಬೇಕೆಂದರೆ ಹೋಳುಗಳನ್ನು ಮೊದಲು ಅದೇ ಕುಕ್ಕರಿನಲ್ಲಿ ಎಣ್ಣೆ ಹಾಕಿ ಮುಕ್ಕಾಲು ಬೇಯುವಷ್ಟು ಹುರಿದು ತೆಗೆದಿಟ್ಟು, ಅನ್ನವಾದ ಮೇಲೆ ಪುಡಿಯ ಜೊತೆ ಬೆರೆಸಿ ಐದು ನಿಮಿಷ ಮುಚ್ಚಿಡಿ.

ಇನ್ನು ಯಾವ ಕುಕ್ಕರ್? ಮುಚ್ಚಳ ಒಳಗೆ ಹೋಗಿ ಕೂರುವ ಬಗೆಯಲ್ಲಿ ಒತ್ತಡ ಇಳಿಯುವವರೆಗೆ ಮುಚ್ಚಳ ಬಿಡುವುದೇ ಇಲ್ಲ, ಅಷ್ಟು ಭದ್ರ. ಆದರೆ ಬಾಯಿ ಕಿರಿದು. ಮುಚ್ಚಳ ಮೇಲಿಂದ ಕೂರುವ ಬಗೆಯಲ್ಲಿ ಬಾಯಿ ತಳದಷ್ಟೇ ಅಗಲ, ಹುರಿಯಲು ಮಗುಚಲು ಅನುಕೂಲ. ಅಗಲ ಬಾಯಿಯ, ಗಿಡ್ಡ ಗೋಡೆಯ 3 ಲೀಟರ್ ಕುಕ್ಕರ್ ಒಂದೇ ಪಾತ್ರೆಯ ಅಡುಗೆಗೆ ಹೇಳಿ ಮಾಡಿಸಿದಂತಿರುತ್ತದೆ, ಮುಚ್ಚಳ ತೆಗೆದರೆ ಅದೇ ಬಾಣಲೆಯ ಕೆಲಸವನ್ನೂ ಮುಕ್ಕಾಲುಪಾಲು ಮಾಡುತ್ತದೆ. ಉದ್ದನೆಯ ಡಬ್ಬದಂಥ ಕುಕ್ಕರ್ ಒಳಗೆ ಬಟ್ಟಲಿಟ್ಟು ಅನ್ನ ಬೇಳೆ ಬೇರೆ ಬೇರೆ ಬೇಯಿಸುವವರಿಗೆ ಸರಿ.

ಅಳತೆಯ ಲೆಕ್ಕ ಹೀಗೆ: ಅಕ್ಕಿ ಬೇಳೆ ನೊರೆ ಬರುವ ಪದಾರ್ಥ, ಅವನ್ನು ಅರ್ಧ ಕುಕ್ಕರಿಗಿಂತ ಹೆಚ್ಚು ತುಂಬಬಾರದು, ಬೇರೆಯದಕ್ಕೆ ಮೂರರಲ್ಲಿ ಎರಡು ಪಾಲು. ಹಾಗಾಗಿ 3 ಲೀಟರ್ ಎಂದರೆ ಕೈಗೆ ಸಿಗುವುದು ಒಂದೂವರೆ ಲೀಟರ್. ಒಬ್ಬರಿಗೆ 2 ಲೀಟರ್, ಇಬ್ಬರು ಮೂವರಿಗೆ 3, ನಾಲ್ವರಿಗೆ 5. ಒಬ್ಬರಿಗೆಂದು 5 ಲೀಟರಿನದು ತಂದರೆ ಅರ್ಧ ಲೋಟ ಅಕ್ಕಿ ತಳದಲ್ಲಿ ತೆಳ್ಳಗೆ ಹರಡಿಕೊಂಡು, ಒತ್ತಡ ಏರುವಷ್ಟರಲ್ಲಿ ನೀರು ಆವಿಯಾಗಿ ಸೀದುಹೋಗುತ್ತದೆ.

ಬಾಣಲೆ

ಉಪ್ಪಿಟ್ಟು, ಒಗ್ಗರಣೆ ಅವಲಕ್ಕಿ, ಶಾವಿಗೆ, ಒಗ್ಗರಣೆ ಮಂಡಕ್ಕಿ, ಮೊಟ್ಟೆ ಪಲ್ಯ, ಚಿತ್ರಾನ್ನ ಇವುಗಳ ಮನೆ ಬಾಣಲೆ. ಅಕ್ಕಿರೊಟ್ಟಿಯನ್ನೂ ತಣ್ಣಗಿನ ಬಾಣಲೆಗೇ ತಟ್ಟಿ, ಮುಚ್ಚಿ ಬೇಯಿಸಬಹುದು. ನೀರು ಬೇಗ ಆವಿಯಾಗುವುದು ಇಲ್ಲಿ ಗುಣ. ಅದೇ ಕಾರಣಕ್ಕೆ ಅನ್ನಕ್ಕೂ ಬೇಳೆಗೂ ಇದು ಸರಿಹೋಗುವುದಿಲ್ಲ.

ಎರಡು ಜನಕ್ಕೆ 26ರಿಂದ 28 ಸೆಂಟಿಮೀಟರ್ ಬಾಯಿ ಸಾಕು. ಒಂದು ಲೋಟ ಬನ್ಸಿ ರವೆಯನ್ನು ಅದರಲ್ಲೇ ಒಂದು ಚಮಚ ತುಪ್ಪದಲ್ಲಿ ಘಮ್ಮೆನ್ನುವವರೆಗೆ ಹುರಿದು ತಟ್ಟೆಗೆ ಸುರಿದುಕೊಳ್ಳಿ, ಬಣ್ಣ ತಿರುಗುವುದು ಬೇಡ. ಅಲ್ಲೇ ಒಗ್ಗರಣೆ, ಈರುಳ್ಳಿ, ಹಸಿಮೆಣಸಿನಕಾಯಿ, ತರಕಾರಿ. ಎರಡೂಮುಕ್ಕಾಲು ಲೋಟ ನೀರಿನ ಎಸರಿಟ್ಟು, ಉಪ್ಪು ಹಾಕಿ, ಎಸರು ಮರಳಿದ ಮೇಲೆ ಒಂದು ಕೈಯಲ್ಲಿ ರವೆ ಸಣ್ಣ ಧಾರೆಯಾಗಿ ಬಿಡುತ್ತಾ ಇನ್ನೊಂದು ಕೈಯಲ್ಲಿ ತಿರುಗಿಸಿ. ಮುಚ್ಚಿ ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ. ಗಂಟಾಗುವುದಕ್ಕೆ ಕಾರಣ ಎರಡು: ಎಸರು ಪೂರ್ತಿ ಮರಳಿಲ್ಲ, ಅಥವಾ ರವೆ ಸರಿಯಾಗಿ ಹುರಿದಿಲ್ಲ. ಗಂಟಾದರೆ ಬಿಸಿ ಇರುವಾಗಲೇ ಸೌಟಿನ ಹಿಂಬದಿಯಿಂದ ಬಾಣಲೆಯ ಗೋಡೆಗೆ ಒತ್ತಿ ಒಡೆಯಿರಿ.

ಕಬ್ಬಿಣದ ಬಾಣಲೆ ಎಲ್ಲಕ್ಕಿಂತ ಅಗ್ಗ. ಸಂತೆಯಲ್ಲೂ ಹಳೆಯ ಪಾತ್ರೆ ಅಂಗಡಿಗಳಲ್ಲೂ ತೂಕಕ್ಕೆ ಹಾಕಿ ಕೊಡುತ್ತಾರೆ. ಸರಿಯಾಗಿ ಪಳಗಿದರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಪಳಗಿಸುವುದೆಂದರೆ ಮೊದಲು ತಿಕ್ಕಿ ತೊಳೆದು ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಹೊಗೆಯಾಡುವವರೆಗೆ ಕಾಯಿಸಿ ಆರಿಸುವುದು, ಮೂರು ನಾಲ್ಕು ಸಲ. ಎಣ್ಣೆ ದಪ್ಪಗೆ ಸವರಿದರೆ ಅಂಟಂಟಾಗಿ ನಿಲ್ಲುತ್ತದೆ, ಆಮೇಲೆ ಎಲ್ಲವನ್ನೂ ಕೆರೆದು ಮತ್ತೆ ಶುರುಮಾಡಬೇಕು. ಇದರಲ್ಲಿ ಟೊಮೇಟೊ ಗೊಜ್ಜು, ಹುಣಸೆ ಹುಳಿ ಕುದಿಸಬೇಡಿ: ಪಳಗಿದ ಪದರ ಕಿತ್ತುಬರುತ್ತದೆ, ಗೊಜ್ಜು ಕಪ್ಪಾಗುತ್ತದೆ. ಚಿತ್ರಾನ್ನಕ್ಕೆ ನಿಂಬೆಹುಳಿಯನ್ನು ಒಲೆಯಿಂದ ಇಳಿಸಿ, ಬೇರೆ ಪಾತ್ರೆಗೆ ಹಾಕಿಕೊಂಡ ಮೇಲೆ ಹಿಂಡಿ. ಮಾಡಿದ ಅಡುಗೆಯನ್ನು ಕಬ್ಬಿಣದಲ್ಲೇ ರಾತ್ರಿಯಿಡೀ ಬಿಡಬೇಡಿ. ತೊಳೆದು ಒರೆಸಿ ಎಣ್ಣೆ ಕೈ ಮುಟ್ಟಿಸುವ ಎರಡು ನಿಮಿಷ ನಿಮ್ಮಲ್ಲಿಲ್ಲವಾದರೆ ಕಬ್ಬಿಣ ಕೊಳ್ಳದಿರುವುದೇ ಮೇಲು, ತುಕ್ಕು ಒಂದೇ ರಾತ್ರಿಯಲ್ಲಿ ಹಿಡಿಯುತ್ತದೆ.

ನಾನ್‌ಸ್ಟಿಕ್ ಬಾಣಲೆ ಹೊಸಬರ ಕೈಗೆ ಸುಲಭ, ಎಣ್ಣೆಯೂ ಕಡಿಮೆ ಸಾಕು. ಆದರೆ ಅದರ ಮೇಲಿನ ಟೆಫ್ಲಾನ್ ಪದರ 260 ಡಿಗ್ರಿ ದಾಟಿದರೆ ಕೆಡಲು ತೊಡಗುತ್ತದೆ. ಖಾಲಿ ಬಾಣಲೆಯನ್ನು ದೊಡ್ಡ ಉರಿಯಲ್ಲಿಟ್ಟು ಈರುಳ್ಳಿ ಹೆಚ್ಚಲು ಕೂತರೆ ಅಷ್ಟು ಶಾಖ ಕೆಲವೇ ನಿಮಿಷದಲ್ಲಿ ಏರುತ್ತದೆ. ಎಣ್ಣೆ ಹಾಕಿದ ಮೇಲೆಯೇ ಒಲೆ ಹಚ್ಚಿ, ಮರದ ಸೌಟನ್ನೇ ಬಳಸಿ. ಎಷ್ಟು ಜೋಪಾನ ಮಾಡಿದರೂ ದಿನಬಳಕೆಯಲ್ಲಿ ಕೆಲವು ವರ್ಷಕ್ಕೆ ಬದಲಿಸಬೇಕಾಗುತ್ತದೆ, ಅಗ್ಗವೆಂದು ಕೊಂಡದ್ದು ಹಾಗೆ ದುಬಾರಿಯಾಗುತ್ತದೆ.

ದಪ್ಪ ತಳದ ತಪ್ಪಲೆ

ಮುಚ್ಚಳವಿರುವ ನಾಲ್ಕೈದು ಲೀಟರಿನ ಸ್ಟೀಲ್ ತಪ್ಪಲೆಗೆ ಜನ ಕೊಡಬೇಕಾದಷ್ಟು ಬೆಲೆ ಕೊಡುವುದಿಲ್ಲ. ಅನ್ನ ಉದುರುದುರಾಗಿ ಅರಳಬೇಕೆಂದರೆ ಕುಕ್ಕರಿಗಿಂತ ಇದು ಮೇಲು. ನಡುವೆ ಮುಚ್ಚಳ ತೆಗೆದು ನೋಡಬಹುದು, ಉಪ್ಪು ರುಚಿ ನೋಡಬಹುದು, ನೀರು ಸಾಲದಿದ್ದರೆ ಹಾಕಬಹುದು. ಕುಕ್ಕರಿನಲ್ಲಿ ಮುಚ್ಚಿದ ಮೇಲೆ ಏನಿದ್ದರೂ ದೈವೇಚ್ಛೆ.

ಅಕ್ಕಿ 1, ನೀರು ಎರಡೂವರೆ, ಕುದಿ ಬಂದ ಮೇಲೆ ಮುಚ್ಚಿ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ, ಆರಿಸಿದ ಮೇಲೆ ಮುಚ್ಚಳ ತೆಗೆಯದೆ ಇನ್ನು 10 ನಿಮಿಷ. ಆ ಕೊನೆಯ ಹತ್ತು ನಿಮಿಷ ಕಾಯದವರಿಗೇ ಮೇಲೆ ಗಟ್ಟಿ, ಕೆಳಗೆ ಮೆತ್ತಗಿನ ಪಲಾವ್ ಸಿಗುವುದು. ಬಾಸುಮತಿಯನ್ನು ಇಪ್ಪತ್ತು ನಿಮಿಷ ನೆನೆಸಿದರೆ ನೀರು ಒಂದೂಮುಕ್ಕಾಲು ಸಾಕು.

ಬೇಳೆಯ ಆಸೆ ಇದರಲ್ಲಿ ಕಡಿಮೆ ಇಟ್ಟುಕೊಳ್ಳಿ. ಹೆಸರುಬೇಳೆ, ಕೆಂಪು ಮಸೂರ್ ಬೇಳೆ ಅರ್ಧ ಗಂಟೆಯೊಳಗೆ ಬೇಯುತ್ತವೆ, ಗೋಧಿನುಚ್ಚು ಜೋಳದ ನುಚ್ಚೂ ಚೆನ್ನಾಗಿ ಬರುತ್ತವೆ. ತೊಗರಿಗೆ ಗ್ಯಾಸ್ ಸುಡುವುದು ಬೇಡ. ರಾಗಿಮುದ್ದೆ ಇದೇ ಬಗೆಯ ಪಾತ್ರೆಯಲ್ಲಿ ಆಗುತ್ತದಾದರೂ ಅದಕ್ಕೆ ಸಾರು ಬೇಕು, ಸಾರಿಗೆ ಇನ್ನೊಂದು ಪಾತ್ರೆ. ಹಾಗಾಗಿ ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ಕರೆಂಟಿನ ರೈಸ್ ಕುಕ್ಕರ್

ಗ್ಯಾಸ್ ಸಂಪರ್ಕ ಇಲ್ಲದ ರೂಮಿಗೆ, ಒಲೆ ಮುಂದೆ ನಿಲ್ಲಲು ಆಗದವರಿಗೆ ಇದು. ಒಳಗೆ ನೀರಿರುವವರೆಗೆ ಬಟ್ಟಲಿನ ತಳ ನೂರು ಡಿಗ್ರಿಯ ಸುತ್ತಲೇ ಇರುತ್ತದೆ. ಅನ್ನ ನೀರು ಹೀರಿಕೊಂಡು ಮುಗಿದ ಕೂಡಲೇ ತಳದ ಬಿಸಿ ಏರುತ್ತದೆ, ಆ ಏರಿಕೆಗೆ ಗುಂಡಿ ತಾನಾಗಿ ಮೇಲೆ ಹಾರುತ್ತದೆ. ಇಷ್ಟು ತಿಳಿದರೆ ಇದರ ತೊಂದರೆಗಳೆಲ್ಲ ಅರ್ಥವಾಗುತ್ತವೆ.

ಒಗ್ಗರಣೆ ಹಾಕುವಾಗ ಬಟ್ಟಲಿನಲ್ಲಿ ನೀರಿಲ್ಲ, ಆದ್ದರಿಂದ ಎರಡು ಮೂರು ನಿಮಿಷದಲ್ಲೇ ಗುಂಡಿ ಹಾರುತ್ತದೆ. ಯಂತ್ರ ಕೆಟ್ಟಿಲ್ಲ. ಸಾಸಿವೆ, ಈರುಳ್ಳಿ, ಮಸಾಲೆ ಎಲ್ಲ ಹೆಚ್ಚಿ ಪಕ್ಕದಲ್ಲಿಟ್ಟುಕೊಂಡೇ ಗುಂಡಿ ಒತ್ತಿ, ಹಾರುವ ಮೊದಲೇ ಮುಗಿಸಿ. ಹಾಗೇ ಮಸಾಲೆ ತಳಕ್ಕೆ ಅಂಟಿದ್ದರೆ ಅಲ್ಲಿ ಬಿಸಿ ಹೆಚ್ಚಿ, ಮೇಲಿನ ಅಕ್ಕಿ ಅರ್ಧ ಬೆಂದಿರುವಾಗಲೇ ಗುಂಡಿ ಹಾರುತ್ತದೆ. ಆಗ ತಳ ಕೆರೆದು, ಕಾಲು ಲೋಟ ಬಿಸಿನೀರು ಚಿಮುಕಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿ. ಕೂಡಲೇ ಒತ್ತಿದರೆ ಗುಂಡಿ ನಿಲ್ಲುವುದಿಲ್ಲ. ಬಟ್ಟಲಿನ ಹೊರಮೈ ಒರೆಸದೆ ಇಟ್ಟರೂ, ತಳದ ತಟ್ಟೆಯ ಮೇಲೆ ಒಂದು ಅಗುಳು ಬಿದ್ದಿದ್ದರೂ ಬಟ್ಟಲು ಸರಿಯಾಗಿ ಕೂರದೆ ಅನ್ನ ಒಂದು ಕಡೆ ಮಾತ್ರ ಬೇಯುತ್ತದೆ.

ಟೊಮೇಟೊ ಬಾತ್, ಮೆಂತ್ಯಸೊಪ್ಪಿನ ಬಾತ್, ಹೆಸರುಬೇಳೆ ಕಿಚಡಿ ಇದರಲ್ಲಿ ಸೊಗಸಾಗಿ ಆಗುತ್ತವೆ. ತೊಗರಿಬೇಳೆ ಆಗದು. ಬಟ್ಟಲು ಅರ್ಧಕ್ಕಿಂತ ಹೆಚ್ಚು ತುಂಬಿದರೆ ಗಂಜಿ ಉಕ್ಕಿ ಮುಚ್ಚಳದ ರಂಧ್ರದಿಂದ ಹೊರಗೆ ಬರುತ್ತದೆ. 700 ವಾಟ್‌ನದು ಅರ್ಧ ಗಂಟೆ ಓಡಿದರೆ ಹೆಚ್ಚೆಂದರೆ 0.35 ಯೂನಿಟ್, ಬಿಲ್ಲಿನ ಹೆದರಿಕೆ ಬೇಡ. ಪಿಜಿ, ಹಾಸ್ಟೆಲ್ಲುಗಳಲ್ಲಿ ಇದಕ್ಕೆ ಅನುಮತಿ ಇದೆಯೇ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ.

ಹೊರದೇಶದಲ್ಲಿರುವವರಿಗೆ ಒತ್ತಡವೂ ಹುರಿಯುವ ಗುಂಡಿಯೂ ಒಟ್ಟಿಗೆ ಇರುವ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್ ಒಳ್ಳೆಯ ಆಯ್ಕೆ, ಕೂಗಿನ ಸದ್ದಿಲ್ಲ, ಬೇಳೆಯೂ ಬೇಯುತ್ತದೆ. ತಳ ಕೆರೆಯುವ ನಿಯಮ ಅಲ್ಲೂ ಅದೇ. ಅಮೆರಿಕದಲ್ಲಿ ಕೊಂಡದ್ದು 120 ವೋಲ್ಟಿನದು, ಊರಿಗೆ ತಂದು 230 ವೋಲ್ಟಿಗೆ ಚುಚ್ಚಬೇಡಿ. ಊರಿನಿಂದ ಒಯ್ದ ಕುಕ್ಕರನ್ನು ಅಲ್ಲಿನ ಕಾಯಿಲ್ ಒಲೆಯ ಮೇಲಿಟ್ಟರೆ, ಉರಿ ಇಳಿಸಿದರೂ ಕಾಯಿಲ್ ಕೆಂಪಗೇ ಇರುತ್ತದೆ. ಮೊದಲ ಕೂಗಿಗೆ ಕುಕ್ಕರನ್ನು, ಮೊದಲೇ ಸಣ್ಣ ಉರಿಗೆ ಇಟ್ಟಿರುವ ಪಕ್ಕದ ಒಲೆಗೆ ಸರಿಸುವುದು ಸುಲಭ ಉಪಾಯ.

ಹಾಗಾದರೆ ಯಾರಿಗೆ ಯಾವುದು

ಒಬ್ಬರೇ, ಗ್ಯಾಸ್ ಇಲ್ಲ, ಅನ್ನದ ಬಾತುಗಳೇ ಸಾಕು: ಒಂದು ಲೀಟರಿನ ಸುತ್ತಮುತ್ತಲ ರೈಸ್ ಕುಕ್ಕರ್. ಬೇಳೆ ತಿನ್ನಬೇಕೆನಿಸಿದಾಗ ಹೆಸರುಬೇಳೆ.

ಒಬ್ಬರೋ ಇಬ್ಬರೋ, ಬೆಳಗಿನ ತಿಂಡಿ ಮಾತ್ರ ಮನೆಯಲ್ಲಿ, ಊಟ ಹೊರಗೆ: ಬಾಣಲೆ. ಜೋಪಾನ ಮಾಡುವವರು ಕಬ್ಬಿಣ ತೆಗೆದುಕೊಳ್ಳಿ, ಮಾಡದವರು ಹಾರ್ಡ್ ಆನೊಡೈಸ್ಡ್.

ಇಬ್ಬರು ಮೂವರು, ದಿನವೂ ಅಡುಗೆ, ಬೇಳೆ ಬೇಕೇ ಬೇಕು: ಅಗಲ ಬಾಯಿಯ 3 ಲೀಟರ್ ಕುಕ್ಕರ್. ಕೈ ಬಿಗಿಯಿದ್ದರೆ ಅಲ್ಯೂಮಿನಿಯಂ ತೆಗೆದುಕೊಂಡು, ಹುಳಿ ಹಾಕಿದ ಅಡುಗೆಯನ್ನು ಆದಕೂಡಲೇ ಬೇರೆ ಪಾತ್ರೆಗೆ ಬಗ್ಗಿಸಿಡಿ. ಟ್ರೈಪ್ಲೈ ಸ್ಟೀಲ್ ಅದರ ಎರಡು ಪಟ್ಟು ಬೆಲೆಯಾಗಬಹುದು, ಆದರೆ ಹುಳಿಗೂ ಇಂಡಕ್ಷನ್ನಿಗೂ ಒಗ್ಗುತ್ತದೆ, ಉಳಿದದ್ದನ್ನು ಅದರಲ್ಲೇ ಇಡಬಹುದು. ದುಡ್ಡು ಹೊಂದಿಸಲು ಆಗುವುದಾದರೆ ಈ ಪಟ್ಟಿಯಲ್ಲಿ ನಾವು ಮೊದಲು ಹೇಳುವುದು ಇದನ್ನೇ.

ವಾರದಲ್ಲಿ ನೆಂಟರು ಬರುವ ಮನೆ, ಪಲಾವ್ ಬಿರಿಯಾನಿ ಹೆಚ್ಚು, ಬೇಳೆ ಕಡಿಮೆ: 5 ಲೀಟರಿನ ಸ್ಯಾಂಡ್‌ವಿಚ್ ತಳದ ತಪ್ಪಲೆ, ಬಿಗಿಯಾಗಿ ಕೂರುವ ಮುಚ್ಚಳ ಸಹಿತ.

ಕುಕ್ಕರ್ ಎಂದು ತೀರ್ಮಾನಿಸಿದವರು ಬಿಲ್ ಹಾಕಿಸುವ ಮೊದಲು ಮೂರು ನೋಡಿ. ಐಎಸ್‌ಐ ಗುರುತಿನ ಜೊತೆ ಐಎಸ್ 2347 ಎಂಬ ಸಂಖ್ಯೆ ಇರಬೇಕು, 2021ರ ಫೆಬ್ರವರಿಯಿಂದ ಮನೆಬಳಕೆಯ ಕುಕ್ಕರುಗಳಿಗೆ ಇದು ಕಡ್ಡಾಯ. ಆ ಮಾದರಿಯ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ನಿಮ್ಮ ಊರಿನ ಅಂಗಡಿಯಲ್ಲೇ ಸಿಗುತ್ತವೆಯೇ ಎಂದು ಕೇಳಿ, ಸಿಕ್ಕರೆ ಒಂದು ಗ್ಯಾಸ್ಕೆಟ್ ಹೆಚ್ಚಿಗೆ ಕೊಂಡಿಡಿ. ಕೊನೆಗೆ ಮುಚ್ಚಳದ ಹಬೆ ಕೊಳವೆಯನ್ನು ಬೆಳಕಿಗೆ ಹಿಡಿದು ಒಳಗಿನಿಂದ ಕಣ್ಣಿಟ್ಟು ನೋಡಿ, ಆಚೆಯ ಬೆಳಕು ಕಾಣಬೇಕು. ಮನೆಗೆ ತಂದ ಮೇಲೂ ಅನ್ನ ಬೇಳೆ ಇಡುವ ಪ್ರತಿ ಸಲ ಹೀಗೆ ನೋಡಿಯೇ ಮುಚ್ಚಿ. ಒಂದು ಬೇಳೆ ಸಿಪ್ಪೆ ಅಲ್ಲಿ ಕಚ್ಚಿಕೊಂಡರೂ ಕೂಗು ಬರುವುದಿಲ್ಲ, ಒತ್ತಡ ಮಾತ್ರ ಏರುತ್ತಲೇ ಇರುತ್ತದೆ.